ಆಂಡಿಯ ಮೂರು ಮೈಲಿ

ಚಿನ್ನಮನೂರಿನಿಂದ ಉತ್ತಮಪಾಳಯಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಸೇತುವೆಯಿಂದ ಮುರುಕು ಮಂಟಪದವರೆಗೆ ಮೂರು ಮೈಲಿ. ಅಷ್ಟರಲ್ಲಿ ಎಷ್ಟು ಮರಗಳಿವೆ ಎಂದು ಯಾರಾದರೂ ಕೇಳಿದರೆ ಆಂಡಿ ತಡವರಿಸದೆ ಹೇಳುತ್ತಿದ್ದ: ಇನ್ನೂರ ಹದಿನಾಲ್ಕು. ಯಾವ ಬೇವು ಒಂದೇ ಮಳೆಗೆ ಮೊಳದುದ್ದ ಚಿಗುರುತ್ತದೆ, ಯಾವ ಹುಣಸೆಯ ಕೊಂಬೆ ನೋಡಲು ಗಟ್ಟಿಯಾಗಿದ್ದರೂ ಒಳಗೆ ಹುಳ ತಿಂದು ಟೊಳ್ಳಾಗಿದೆ, ಯಾವ ಆಲದ ಬಿಳಲು ಗಾಳಿಗೆ ತೂಗಿದರೆ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು. ಮರಗಳ ಮೇಲಿನ ಮಮತೆಯಿಂದ ತಿಳಿದುಕೊಂಡದ್ದಲ್ಲ ಅದು. ಜೈಲಿನ ಭಯದಿಂದ ತಿಳಿದುಕೊಂಡದ್ದು.

ಎಷ್ಟೋ ತಲೆಮಾರಿನ ಹಿಂದೆ ದನಗಳನ್ನು ಹೊಡೆದುಕೊಂಡು ಕನ್ನಡ ಸೀಮೆಯಿಂದ ಕಂಬಂ ಕಣಿವೆಗೆ ಬಂದು ನಿಂತ ಒಕ್ಕಲುಗಳಲ್ಲಿ ಆಂಡಿಯದೂ ಒಂದು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮೀಸೆ ಮೂಡುವ ಮೊದಲೇ ಅವನು ಊರ ದನಗಳ ಹಿಂದೆ ಬೆಟ್ಟದ ತಪ್ಪಲು ಸುತ್ತತೊಡಗಿದ್ದ. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಮರ ಹತ್ತಿ ಸೊಪ್ಪು ಕಡಿದು ಕೆಳಗೆ ಹಾಕುತ್ತಿದ್ದ. ಹಾಗೆ ಹತ್ತಿ ಹತ್ತಿ, ಸುತ್ತಲಿನ ಏಳೆಂಟು ಊರುಗಳಲ್ಲಿ ಮರ ಹತ್ತುವವನೆಂದರೆ ಆಂಡಿ ಅನ್ನುವಂತಾಯಿತು. ಆ ಹೆಸರೇ ಅವನನ್ನು ಸಿಕ್ಕಿಸಿತು.

ಬೆಟ್ಟದಾಚೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುವ ಕೆಲಸ ಶುರುವಾಗಿ ಮೂರು ವರ್ಷವಾಗಿತ್ತು. ಆ ಕೆಲಸದ ಸುದ್ದಿ ಹೋಗಿಬರಲೆಂದು ಕಣಿವೆಯ ಉದ್ದಕ್ಕೂ ದಾರಿಯ ಬದಿಯಲ್ಲಿ ಕಂಬ ನೆಟ್ಟು ತಂತಿ ಎಳೆದರು. ತಂತಿ ಎಳೆದ ಮೇಲೆ ಮರಗಳ ತಂಟೆ ಶುರುವಾಯಿತು. ಒಂದು ಹಸಿ ಕೊಂಬೆ ತಂತಿಗೆ ತಾಕಿದರೆ ಸಾಕು, ಅತ್ತ ಕಡೆಗೆ ಸುದ್ದಿ ಸರಿಯಾಗಿ ಹೋಗುವುದಿಲ್ಲವಂತೆ. ಅದಕ್ಕೆ ಪ್ರತಿ ಮೂರು ಮೈಲಿಗೆ ಒಬ್ಬ ಆಳು ಬೇಕು, ಊರಿನವರೇ ಹೆಸರು ಕೊಡಬೇಕು ಎಂದು ಮೇಲಿನಿಂದ ಹುಕುಂ ಬಂತು. ಊರ ಹಿರಿಯ ರಂಗಸಾಮಿ ಗೌಡರ್ ಆಂಡಿಯನ್ನು ಜಗಲಿಗೆ ಕರೆಸಿಕೊಂಡರು.

"ಆಂಡಿ, ನಿನ್ ಎಸ್ರು ಬರ್ಸಿವ್ನಿ. ಮೂರ್ ಮೈಲಿ ನಿಂದು. ತಂತೀಗೆ ಒಂದೆಲೆ ತಾಕಬಾರ್ದು. ಅಷ್ಟೆ ಕೆಲ್ಸ."

"ನಾ ದನದ ಜತೆ ಮೇಲುಕ್ಕೆ ಓಗ್ಬೇಕಲ್ಲ ಗೌಡ್ರೇ."

"ದನಾನ ಯಾರ್ ಬೇಕಾದ್ರೂ ಮೇಯಿಸ್ತಾರೆ. ಮರ ಅತ್ತೋರು ಯಾರವ್ರೆ? ಎಸ್ರು ಕೊಡ್ದಿದ್ರೆ ಇಡೀ ಊರ್ನೇ ಇಡ್ಕೋತಾರೆ."

ಆಂಡಿ ಏನೋ ಹೇಳಬೇಕೆಂದು ಬಾಯಿ ತೆರೆದ. ಜಗಲಿಯ ಮೇಲೆ ಕುಳಿತ ಏಳೆಂಟು ಜನ ಅವನ ಮುಖವನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದ. ಮರುದಿನ ಉತ್ತಮಪಾಳಯದಲ್ಲಿ ಒಬ್ಬ ಗುಮಾಸ್ತ ಮುಚ್ಚಳಿಕೆಯನ್ನು ತಮಿಳಿನಲ್ಲಿ ಓದಿ ಹೇಳಿದ. ತಂತಿಯ ಸುತ್ತ ಮೂರು ಮೊಳ ಬಯಲಿರಬೇಕು. ಮರದಿಂದ ತಂತಿಗೆ ಕೇಡಾದರೆ ಆಂಡಿಯೇ ಹೊಣೆ, ತಪ್ಪಿದರೆ ಜೈಲು. ಕೇಳದೆ ಒಂದು ರಾತ್ರಿಯೂ ಊರು ಬಿಡುವಂತಿಲ್ಲ. ಎಲ್ಲಿಯವರೆಗೆ ಎಂದು ಆಂಡಿ ಕೇಳಿದ. ಗುಮಾಸ್ತ ಕಾಗದವನ್ನು ತಿರುಗಿಸಿ ನೋಡಿ, ಅದರಲ್ಲಿ ಬರೆದಿಲ್ಲ ಅಂದ. ಆಂಡಿ ತನ್ನ ಹೆಸರಿನ ಎದುರು ಗೀಟು ಹಾಕಿದ.

ಕೆಲಸ ಕಷ್ಟದ್ದಲ್ಲ ಎಂದು ಮೊದಲ ತಿಂಗಳು ಅವನಿಗೆ ಅನ್ನಿಸಿತ್ತು. ಉದ್ದದ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ ದೋಟಿ, ಸೊಂಟಕ್ಕೊಂದು ಮಚ್ಚು, ಹೆಗಲಿಗೆ ಹಗ್ಗದ ಸುರುಳಿ. ಸಣ್ಣ ಚಿಗುರನ್ನು ನೆಲದಲ್ಲಿ ನಿಂತೇ ಸವರಬಹುದು. ತೊಡೆ ಗಾತ್ರದ ಕೊಂಬೆಯಾದರೆ ಮೇಲೆ ಹತ್ತಬೇಕು. ಮೊದಲು ಅಡಿಯಿಂದ ಮೂರರಲ್ಲೊಂದು ಪಾಲು ಕಡಿಯಬೇಕು, ಆಮೇಲೆ ಮೇಲಿನಿಂದ. ಅಡಿಗಡಿತ ಬಿಟ್ಟು ಬರೀ ಮೇಲಿನಿಂದ ಕಡಿದರೆ ಕೊಂಬೆ ತನ್ನ ಭಾರಕ್ಕೆ ತಾನೇ ಸೀಳಿಕೊಂಡು ಬೀಳುತ್ತದೆ. ಅದು ಎತ್ತ ಸೀಳುತ್ತದೆ ಅಂತ ಯಾರೂ ಹೇಳಲಾರರು.

ಆಮೇಲೆ ಆಡಿ ತಿಂಗಳು, ಅಂದರೆ ಆಷಾಢ, ಬಂತು. ಕಣಿವೆಯಲ್ಲಿ ಆಡಿಯ ಗಾಳಿಯೆಂದರೆ ಪಡುವಣ ಬೆಟ್ಟದ ಸಂದಿನಿಂದ ನುಗ್ಗಿ ಎರಡು ತಿಂಗಳು ಬಿಡದೆ ಬೀಸುವ ಗಾಳಿ. ಅಲ್ಲಿಯವರೆಗೆ ಆಂಡಿ ಅದನ್ನು ಗಾಳಿಯೆಂದಷ್ಟೇ ತಿಳಿದಿದ್ದ. ಈಗ ಅದು ಎದ್ದಾಗಲೆಲ್ಲ ಅವನಿಗೆ ಇನ್ನೂರ ಹದಿನಾಲ್ಕು ಮರಗಳೂ ಕಣ್ಣ ಮುಂದೆ ಬರುತ್ತಿದ್ದವು. ಉಣ್ಣುತ್ತಿದ್ದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅವನ ಹೆಂಡತಿ ದೈವಾನೈ ಒಂದು ದಿನ ತಟ್ಟೆಯನ್ನು ಅವನ ಮುಂದಿನಿಂದ ತೆಗೆಯುತ್ತ ಹೇಳಿದಳು, "ಗಾಳೀನೇ ನಿನ್ ಮೊದ್ಲ ಎಂಡ್ತಿ. ನಾ ಎರಡ್ನೇವ್ಳು." ನಗುತ್ತ ಹೇಳಿದ ಮಾತಲ್ಲ ಅದು.

ಮಗಳು ಅಮ್ಮಣಿಯ ಮದುವೆ ಬೋಡಿನಾಯಕನೂರಿನಲ್ಲಾಯಿತು. ಹಗಲಿನಲ್ಲಿ ಹೋಗಿ ಸಂಜೆಗೆ ವಾಪಸು ಬರುವುದೆಂದು ಆಂಡಿ ಅಪ್ಪಣೆ ಪಡೆದಿದ್ದ. ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ಚಪ್ಪರದ ಗರಿ ಪಟಪಟ ಬಡಿದುಕೊಂಡವು. ಅವನು ಅನ್ನ ಕಲಸಿದ ಕೈಯಲ್ಲೇ ಎದ್ದ. ಬೀಗರು ಏನಾಯಿತು ಎಂದು ಕೇಳುತ್ತಿದ್ದ ಹಾಗೇ ದಾರಿ ಹಿಡಿದು, ಅರ್ಧ ಓಡಿ ಅರ್ಧ ನಡೆದು ತನ್ನ ಮೂರು ಮೈಲಿಗೆ ಬಂದ. ಎಲ್ಲೂ ಒಂದು ಕಡ್ಡಿಯೂ ಮುರಿದಿರಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕುಳಿತು ಕೈಗೆ ಒಣಗಿ ಅಂಟಿದ ಅನ್ನವನ್ನು ಬಿಡಿಸಿಕೊಂಡ. ಅದಾದ ಮೇಲೆ ಬೀಗರ ಮನೆಯಿಂದ ಅವನಿಗೆ ಕರೆ ಬರಲಿಲ್ಲ.

ಊರಿನವರೂ ದೂರವಾದರು. ದಾರಿಯ ಮರಗಳ ಒಂದು ಮಗ್ಗುಲು ಬೋಳಾಗಿತ್ತು. ಮಧ್ಯಾಹ್ನದಲ್ಲಿ ಗಾಡಿ ಬಿಟ್ಟು ಎತ್ತು ಕಟ್ಟುವ ಕಡೆಯಲ್ಲೆಲ್ಲ ಬಿಸಿಲು. ಹೆಸರು ಕೊಟ್ಟ ಊರೇ ಅವನನ್ನು ನೆರಳು ನುಂಗಿದ ಆಂಡಿ ಎಂದು ಕರೆಯಿತು. ಜಗಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವನು ಹೋಗುವುದನ್ನು ಬಿಟ್ಟ.

ಉಳಿದದ್ದು ಅಕ್ಕ ನಾಗಮ್ಮಾಳ್ ಒಬ್ಬಳೇ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ದಾರಿಯ ತಿರುವಿನಲ್ಲಿ ಒಂದು ಹುಣಸೆಮರ, ಒಂದು ಜೊತೆ ಎತ್ತು ಇಟ್ಟುಕೊಂಡು ಬದುಕಿದ್ದವಳು. ಎತ್ತುಗಳನ್ನು ತಾನೇ ಗಾಡಿಗೆ ಹೂಡುತ್ತಿದ್ದಳು, ತಾನೇ ಹೊಡೆಯುತ್ತಿದ್ದಳು. ಆ ಹುಣಸೆ ಅವಳ ಮಾವನ ಅಪ್ಪ ನೆಟ್ಟದ್ದು. ತಂತಿ ಸರಿಯಾಗಿ ಅದರ ಹೊಟ್ಟೆಯೊಳಗೆ ಹಾದುಹೋಗಿತ್ತು. ಆಂಡಿ ನಾಲ್ಕು ವರ್ಷ ಆ ಮರವನ್ನು ಕಾಪಾಡಿಕೊಂಡು ಬಂದಿದ್ದ. ಚಿಗುರು ಎತ್ತ ಹೋಗುತ್ತದೆಂದು ಮೊದಲೇ ನೋಡಿ, ಬೇಡದ್ದನ್ನು ಎಳೆಯದರಲ್ಲೇ ಚಿವುಟಿ, ಮರದ ನಡುವೆ ಒಂದು ಕಿಟಕಿಯಂಥ ಬಯಲು ಮಾಡಿದ್ದ. ತಂತಿ ಒಂದು ಎಲೆಗೂ ತಾಕದೆ ಅದರೊಳಗೆ ದಾಟಿ ಹೋಗುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು.

ಸಾವಿರದ ಎಂಟುನೂರ ತೊಂಬತ್ತನಾಲ್ಕನೇ ಇಸವಿಯ ಆಡಿಯಲ್ಲಿ ದಿಂಡುಕ್ಕಲ್ ಕಡೆಯಿಂದ ತಂತಿಯ ಕೆಲಸಕ್ಕೆ ಹೊಸ ಮೇಸ್ತ್ರಿಯೊಬ್ಬ ಬಂದ. ಮೂವತ್ತರ ಆಸುಪಾಸಿನ ವಯಸ್ಸು, ಕೆಟ್ಟವನಲ್ಲ, ಆದರೆ ಸದಾ ಹೆದರಿದವನ ಅವಸರ. ತಿರುವಿನ ಹುಣಸೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಇಡೀ ಮರ ಹೋಗಲಿ ಅಂದ.

"ಇಡೀ ಮರ ಬೇಡ ಸಾಮಿ," ಅಂದ ಆಂಡಿ ತಮಿಳಿನಲ್ಲಿ. "ಮೇಲಿನ ಪಡುವಣ ಕೊಂಬೆ ಒಂದೇ ಗಾಳಿಗೆ ಜೋಲುವುದು. ಅದನ್ನು ತೆಗೆದರೆ ಸಾಕು."

ಮೇಸ್ತ್ರಿ ಯೋಚಿಸಿದ. "ನಾಳೆ ಬೆಳಗ್ಗೆ ನನ್ನ ಎದುರಿಗೇ ತೆಗಿ. ಆಗದಿದ್ದರೆ ಮರವನ್ನೇ ಉರುಳಿಸಲು ಆಳು ತರಿಸುತ್ತೇನೆ."

ನಾಗಮ್ಮಾಳ್ ಮರದ ಬುಡದಲ್ಲೇ ನಿಂತಿದ್ದಳು. ಆ ಕೊಂಬೆಯಲ್ಲೇ ಕಾಯಿ ಹೆಚ್ಚು. ಅವಳು ತಮ್ಮನ ಮುಖ ನೋಡಿ, "ಕಡಿ ತಂಬಿ. ಮರ ಉಳೀಲಿ," ಅಂದಳು.

ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆಯೇ ಗಾಳಿ ಎದ್ದಿತ್ತು. ಇಂಥ ಗಾಳಿಯಲ್ಲಿ ದೊಡ್ಡ ಕೊಂಬೆಗೆ ಕೈ ಹಾಕುವುದು ಬೇಡವೆಂದು ಆಂಡಿ ಹೇಳಿದ. ಮೇಸ್ತ್ರಿ ಕೇಳಲಿಲ್ಲ. ಬೆಟ್ಟದ ಮೇಲೆ ಹೊಳೆ ಏರಿದೆ, ಗಳಿಗೆಗೊಂದು ಸುದ್ದಿ ಹೋಗುತ್ತಿದೆ, ಇವತ್ತೇ ಆಗಬೇಕು ಅಂದ. ಆಂಡಿ ಹತ್ತಿದ. ಸೊಂಟವನ್ನು ಕಾಂಡಕ್ಕೆ ಕಟ್ಟಿಕೊಂಡ. ಕೊಂಬೆಯ ನಡುವಿಗೆ ದೊಡ್ಡ ಹಗ್ಗ ಬಿಗಿದು, ಅದನ್ನು ತನ್ನ ತಲೆಯ ಮೇಲಿನ ಕವಲಿಗೆ ಒಂದು ಸುತ್ತು ಸುತ್ತಿ, ತುದಿಯನ್ನು ಕೆಳಗೆ ನಾಲ್ಕು ಜನಕ್ಕೆ ಬಿಟ್ಟ. ಕಡಿದ ಕೊಂಬೆಯನ್ನು ತಂತಿಗೆ ತಾಕದಂತೆ ಮೇಲಿನಿಂದ ಮೆಲ್ಲಗೆ ಇಳಿಸುವುದು ಅವನ ಲೆಕ್ಕ. ಅಡಿಗಡಿತ ಶುರುಮಾಡಿ ಹತ್ತು ಏಟು ಹಾಕಿರಲಿಲ್ಲ, ಗಾಳಿ ಕೊಂಬೆಯನ್ನು ಹಿಡಿದು ತಿರುಚಿತು.

ಸದ್ದು ಗಾಡಿಯ ಅಚ್ಚು ಮುರಿದ ಹಾಗಿತ್ತು. ಕೊಂಬೆ ಬುಡದಲ್ಲಿ ಉದ್ದಕ್ಕೆ ಸೀಳಿತು. ಹಗ್ಗವನ್ನು ಬಿಗಿ ಹಿಡಿಯಲೆಂದು ಚಾಚಿದ ಆಂಡಿಯ ಎಡಗೈ ತೆರೆದ ಸೀಳಿನೊಳಕ್ಕೆ ಹೋಯಿತು. ಕೊಂಬೆ ಕುಸಿದು ತಂತಿಯ ಮೇಲೆ ಬಿತ್ತು. ಬಿಗಿದ ತಂತಿ ಬಿಲ್ಲಿನ ಹಾಗೆ ಬಗ್ಗಿ, ಅದನ್ನು ಮತ್ತೆ ಮೇಲಕ್ಕೆ ಒತ್ತಿತು. ಸೀಳು ಮುಚ್ಚಿಕೊಂಡಿತು, ಅವನ ಮಣಿಕಟ್ಟಿನ ಮೇಲೆ.

ಮೊದಲಿಗೆ ನೋವೇ ಇರಲಿಲ್ಲ. ಕೈ ಎಲ್ಲಿ ಹೋಯಿತೆಂದು ಅವನು ನೋಡಿದ. ಆಮೇಲೆ ನೋವು ಬಂತು, ತೋಳಿನಿಂದ ಹಲ್ಲಿನವರೆಗೆ.

ಕೆಳಗಿದ್ದವರು ಹಗ್ಗ ಎಳೆದು ಕೊಂಬೆಯನ್ನು ಎತ್ತಲು ನೋಡಿದರು. ಎತ್ತಿದಷ್ಟೂ ಸೀಳು ಇನ್ನೂ ಬಿಗಿಯಿತು. ಬಿಡಿ, ಬಿಡಿ ಎಂದು ಅವನು ಕೂಗಿದ. ಒಬ್ಬ ಮರದ ಬೆಣೆ ತೆಗೆದುಕೊಂಡು ಹತ್ತಿ, ಸೀಳಿನ ಬಾಯಿಗೆ ಇಟ್ಟು ಹೊಡೆದ. ಸೀಳು ಕೈಯ ಕಡೆ ತೆರೆಯದೆ ಕಾಂಡದ ಕಡೆ ಓಡಿತು. ಕೊಂಬೆ ಇನ್ನಷ್ಟು ಭಾರವಾಗಿ ತಂತಿಯ ಮೇಲೆ ಕುಳಿತಿತು. ಮೇಸ್ತ್ರಿ ಬೆಣೆಯವನನ್ನು ಕೆಳಗಿಳಿಸಿದ.

ಏನು ಮಾಡಿದರೆ ಕೈ ಬಿಡುತ್ತದೆಂದು ಆಂಡಿಗೆ ಎಲ್ಲರಿಗಿಂತ ಮುಂಚೆ ಗೊತ್ತಾಗಿತ್ತು. ಕೊಂಬೆ ಕೆಳಗಿಳಿಯಬೇಕು. ಇಳಿಯದಂತೆ ಹಿಡಿದಿರುವುದು ತಂತಿ. ತಂತಿ ಹೋದರೆ ಕೈ ಬರುತ್ತದೆ.

ಮೇಸ್ತ್ರಿಗೂ ಅದು ತಿಳಿದಂತಿತ್ತು. ಅವನು ಎರಡು ಕೈ ಎತ್ತಿ ಸುತ್ತಲಿದ್ದವರಿಗೆ, "ಯಾರುಂ ಕಂಬಿಯೆ ತೊಡಾದೀಂಗ," ಅಂದ. ತಂತಿಯನ್ನು ಯಾರೂ ಮುಟ್ಟಬಾರದು. ಆಮೇಲೆ ಮೇಲೆ ನೋಡಿ ಮೆತ್ತಗೆ ಹೇಳಿದ, "ಉತ್ತಮಪಾಳಯಕ್ಕೆ ಕುದುರೆ ಕಳಿಸಿದ್ದೇನೆ ಆಂಡಿ. ತಂತಿ ಬಿಗಿಯುವವನು ಬಂದು ಕಂಬದಿಂದ ಸಡಿಲಿಸುತ್ತಾನೆ. ತಾಳಿಕೋ. ತಂತಿ ಹೋದರೆ ನಾನೂ ಹೋದೆ, ನೀನೂ ಹೋದೆ."

"ಮುಟ್ಬ್ಯಾಡಿ," ಅಂದ ಆಂಡಿಯೂ. ಮುಚ್ಚಳಿಕೆ ಓದಿದ ಗುಮಾಸ್ತನ ದನಿ ಅವನ ಕಿವಿಯಲ್ಲಿತ್ತು.

ಬಿಸಿಲೇರಿತು. ಗಾಳಿ ಬಂದಾಗಲೆಲ್ಲ ಕೊಂಬೆ ಅಲುಗಿ, ಸೀಳು ಅವನ ಎಲುಬನ್ನು ಅಗಿಯುತ್ತಿತ್ತು. ಕೊಂಬೆಯ ಒಳಗಿನಿಂದ ತಂತಿಯ ಗುಂಯ್ ಎನ್ನುವ ನಾದ ಅವನ ತೋಳಿಗೆ ಹತ್ತುತ್ತಿತ್ತು. ಈ ಹೊತ್ತಿಗೂ ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ, ಅದು ನನ್ನ ಕೈ ದಾಟಿ ಹೋಗುತ್ತಿದೆ ಅಂದುಕೊಂಡ. ದೈವಾನೈ ಬಂದು ಬಿದಿರಿನ ತುದಿಗೆ ಕರಟ ಕಟ್ಟಿ ನೀರು ಮೇಲಕ್ಕೆ ಚಾಚಿದಳು. ಅರ್ಧ ಚೆಲ್ಲಿತು, ಅರ್ಧ ಕುಡಿದ. ಊರಿನವರು ದಾರಿಯ ಆಚೆ ಬದಿಯಲ್ಲಿ ಸಾಲಾಗಿ ಕುಳಿತಿದ್ದರು. ರಂಗಸಾಮಿ ಗೌಡರ್ ಬಂದರು, ಮೇಸ್ತ್ರಿಯ ಜೊತೆ ಮಾತಾಡಿದರು, ಅವರೂ ಕುಳಿತರು.

ಮಧ್ಯಾಹ್ನಕ್ಕೆ ಕುದುರೆಯವನು ಒಬ್ಬನೇ ಬಂದ. ತಂತಿ ಬಿಗಿಯುವವನು ಗೂಡಲೂರಿಗೆ ಹೋಗಿ ಅಲ್ಲಿಂದ ಬೆಟ್ಟ ಹತ್ತಿದ್ದನಂತೆ. ನಾಳೆ ಬೆಳಗ್ಗೆಗೆ ಮೊದಲು ಬರಲಾಗದು. ಮೇಸ್ತ್ರಿ ಕಲ್ಲಿನ ಮೇಲೆ ಕುಳಿತು ಮುಖ ಒರೆಸಿಕೊಂಡ. "ನಾಳೆಯವರೆಗೆ ಹೇಗಾದರೂ ತಾಳಿಕೋ," ಅಂದ.

ಆಂಡಿ ಸೀಳಿನಾಚೆ ಕಾಣುತ್ತಿದ್ದ ತನ್ನ ಬೆರಳ ತುದಿಗಳನ್ನು ನೋಡಿದ. ಅವು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮಡಿಸಲು ನೋಡಿದ. ಅವು ಬೇರೆ ಯಾರದೋ ಬೆರಳುಗಳು.

ನಾಗಮ್ಮಾಳ್ ಎದ್ದು ಹೋದಳು. ನೋಡಲಾರದೆ ಹೋದಳೆಂದು ಎಲ್ಲರೂ ತಿಳಿದರು. ತಿರುಗಿ ಬಂದಾಗ ಅವಳ ಹಿಂದೆ ನೊಗ ಹೊತ್ತ ಎರಡು ಎತ್ತುಗಳಿದ್ದವು. ಅವಳು ಯಾರನ್ನೂ ನೋಡದೆ ಮರದ ಕೆಳಗೆ ಬಂದು, ನೇತಾಡುತ್ತಿದ್ದ ಹಗ್ಗದ ತುದಿಯನ್ನು ನೊಗಕ್ಕೆ ಕಟ್ಟಿದಳು.

"ಅಮ್ಮಾ, ಬೇಡ," ಅಂದ ಮೇಸ್ತ್ರಿ.

ಅವಳು ತಲೆಯೆತ್ತಿ ತಮ್ಮನ ಜೊತೆ ಮಾತ್ರ ಮಾತಾಡಿದಳು. "ತಂಬಿ, ಅಗ್ಗ ಮೇಲ್ ಕವಲಾಗೆ ಸುತ್ತೈತೆ. ಇಂಗೇ ಎಳುದ್ರೆ ಕೊಂಬೆ ಮೇಲುಕ್ಕೇ ಬತ್ತದೆ. ಆ ಸುತ್ತು ತೆಗುದ್ಬುಡು. ಮಿಕ್ಕಿದ್ದು ನಂದು."

"ತಂತಿ ಓಯ್ತದೆ ಅಕ್ಕಾ."

"ಓಗ್ಲಿ."

"ಜೈಲು."

"ಈಗ ಎಲ್ಲಿದೀಯ ನೀನು?"

ಆಂಡಿ ಮೇಲೆ ನೋಡಿದ. ತಲೆಯ ಮೇಲೆ ಕವಲು ಇತ್ತು, ಬಲಗೈಗೆ ಎಟುಕುವಷ್ಟೇ ದೂರ. ಆ ಒಂದು ಸುತ್ತು ತೆಗೆಯಲು ಬೆಳಗಿನಿಂದ ಅವನ ಕೈ ಬಿಡುವಾಗಿಯೇ ಇತ್ತು. ದಾರಿಯ ಆಚೆ ಕುಳಿತವರೆಲ್ಲ ಎದ್ದು ನಿಂತಿದ್ದರು. ಮೇಸ್ತ್ರಿ ಅವನನ್ನೇ ನೋಡುತ್ತಿದ್ದ, ಆದರೆ ಬೇಡವೆಂದು ಎರಡನೇ ಸಲ ಹೇಳಲಿಲ್ಲ. ಆಂಡಿ ಬಲಗೈ ಚಾಚಿ ಹಗ್ಗವನ್ನು ಕವಲಿನಿಂದ ಎತ್ತಿ ಆಚೆಗೆ ಎಸೆದ.

ನಾಗಮ್ಮಾಳ್ ಎತ್ತುಗಳ ಬಾಲ ಮುಟ್ಟಿದಳು. ಹಗ್ಗ ಬಿಗಿಯಿತು. ಎತ್ತುಗಳು ತಲೆ ತಗ್ಗಿಸಿ ಒಂದು ಹೆಜ್ಜೆ ಇಟ್ಟವು, ಗೊರಸು ಜಾರಿತು, ಮತ್ತೊಂದು ಹೆಜ್ಜೆ ಇಟ್ಟವು. ತಂತಿ ಕೀಚಲು ದನಿಯಲ್ಲಿ ಕೂಗಿ ತುಂಡಾಯಿತು. ಕೊಂಬೆ ತಿರುಗಿ ನೆಲಕ್ಕೆ ಬಿತ್ತು. ಸೀಳು ಬಾಯಿ ಬಿಟ್ಟಿತು. ಆಂಡಿ ಸೊಂಟದ ಹಗ್ಗದಲ್ಲಿ ಜೋತು ಬಿದ್ದ. ಆ ಗಳಿಗೆಯಲ್ಲಿ ತನಗೆ ಮೊದಲು ಗೊತ್ತಾದದ್ದು ನೋವಲ್ಲ, ತಂತಿಯ ನಾದ ನಿಂತದ್ದು ಎಂದು ಅವನು ಆಮೇಲೆ ಹೆಂಡತಿಗೆ ಹೇಳಿದ.

ಎರಡು ಬೆರಳು ಹೋದವು. ಉಳಿದ ಮೂರು ಮಡಿಸಲಾಗದೆ ಉಳಿದವು. ಕಚೇರಿಯಲ್ಲಿ ಮೇಸ್ತ್ರಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ, ಒಂದನ್ನೂ ಕೂಡಿಸಲಿಲ್ಲ. ಹಗ್ಗ ತೆಗೆದವನು ನೀನೇನಾ ಎಂದು ಆಂಡಿಯನ್ನು ಕೇಳಿದರು. ಹೌದೆಂದ. ಎತ್ತು ನನ್ನವು, ಹೊಡೆದವಳು ನಾನು, ನನ್ನ ಹೆಸರು ಬರೆದುಕೊಳ್ಳಿ ಎಂದು ನಾಗಮ್ಮಾಳ್ ಮೂರು ಸಲ ಹೇಳಿದಳು. ಹೆಂಗಸೆಂದು ಅವಳನ್ನು ಗದರಿಸಿ ಕಳಿಸಿದರು. ಆಂಡಿಗೆ ಒಂದು ತಿಂಗಳ ಜೈಲಾಯಿತು.

ಬೀಗ ಹಾಕಿದ ಆ ಕೋಣೆಯಲ್ಲಿ ಅವನಿಗೆ ಕಣ್ಣು ತುಂಬ ನಿದ್ದೆ ಬಂತು. ಹೊರಗೆ ಗಾಳಿ ಬೀಸುತ್ತಿತ್ತು. ಬೀಸಲಿ ಅಂದುಕೊಂಡು ಮಗ್ಗುಲಾಗುತ್ತಿದ್ದ. ಜೈಲಿನಲ್ಲಿ ಸುಖವಾಗಿದ್ದೆ ಎಂದು ಯಾರಿಗಾದರೂ ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು, ಹೇಳಲಿಲ್ಲ.

ಬಿಡುಗಡೆಯಾಗಿ ನಡೆದು ಬರುವಾಗ ತಿರುವಿನಲ್ಲಿ ಅವನು ನಿಂತುಬಿಟ್ಟ. ಹುಣಸೆ ಒಂದು ತೋಳು ಕಳೆದುಕೊಂಡು ಅಲ್ಲೇ ಇತ್ತು. ತಂತಿ ಇರಲಿಲ್ಲ. ದಾರಿಯ ಈಚೆ ಬದಿಯಲ್ಲಿದ್ದ ಎರಡು ಕಂಬಗಳನ್ನು ಕಿತ್ತು ಆಚೆ ಬದಿಯ ಬಯಲಿನಲ್ಲಿ ನೆಟ್ಟಿದ್ದರು. ಅಲ್ಲಿ ಒಂದು ಪೊದೆಯೂ ಇಲ್ಲ.

"ಎಷ್ಟು ದಿನ ಮಾಡುದ್ರು?" ಎಂದು ಅಕ್ಕನನ್ನು ಕೇಳಿದ.

"ಬೆಳಗ್ಗೆ ಬಂದ್ರು. ಊಟದ್ ಒತ್ತಿಗೆ ಮುಗುದೋಯ್ತು."

ಅವನು ಹುಣಸೆಯ ಬುಡದಲ್ಲಿ ಕುಳಿತ. ನಾಲ್ಕು ವರ್ಷ ಯಾರೂ ಅದನ್ನು ಯೋಚಿಸಿರಲಿಲ್ಲ, ತಾನೂ ಸೇರಿ. ಮರವನ್ನು ಹೇಗೆ ಸರಿಸುವುದೆಂದೇ ನೋಡಿದ್ದ, ಕಂಬವನ್ನು ಸರಿಸಬಹುದೆಂದು ಅವನ ತಲೆಗೆ ಬಂದಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಥರದ ಸುಸ್ತು. ನಾಗಮ್ಮಾಳ್ ಮಜ್ಜಿಗೆ ತಂದುಕೊಟ್ಟಳು. ಬಲಗೈಯಲ್ಲಿ ಹಿಡಿದು ಕುಡಿದ.

ಒಂದು ಕೈಯವನಿಂದ ಮರದ ಕೆಲಸವಾಗದೆಂದು ಮುಚ್ಚಳಿಕೆಯಿಂದ ಅವನ ಹೆಸರನ್ನು ಹೊಡೆದು ಹಾಕಿದ್ದರು. ಹಾಗಾಗಿ ರಂಗಸಾಮಿ ಗೌಡರಿಗೆ ಇನ್ನೊಂದು ಹೆಸರು ಬೇಕಿತ್ತು. ಅವರು ತಾವಾಗಿಯೇ ಆಂಡಿಯ ಮನೆಗೆ ಬಂದು ಕುಳಿತರು. ಅದುವರೆಗೆ ಆ ಮನೆಯ ಹೊಸ್ತಿಲು ತುಳಿದವರಲ್ಲ.

"ಯಾರು ಚೆನ್ನಾಗ್ ಅತ್ತಾರೆ ಅಂತ ನಿಂಗೇ ತಾನೆ ಗೊತ್ತು. ಒಂದ್ ಎಸ್ರು ಏಳು."

ಚೆನ್ನಾಗಿ ಹತ್ತುವ ಇಬ್ಬರು ಆಂಡಿಗೆ ಗೊತ್ತಿದ್ದರು. "ನಂಗೆ ಯಾರೂ ಗೊತ್ತಿಲ್ಲ ಗೌಡ್ರೇ," ಅಂದ.

ಗೌಡರ್ ಎದ್ದುಹೋದರು. ಎಂಟು ದಿನದ ಮೇಲೆ ಪಕ್ಕದ ಊರಿನ ಪೆರುಮಾಳ್ ಎಂಬವನು ಬಂದು ಅಂಗಳದಲ್ಲಿ ನಿಂತ. ಆಗಷ್ಟೇ ಮದುವೆಯಾದವನು, ಗಟ್ಟಿ ತೋಳಿನವನು. ಹೊಸ ಮಚ್ಚು ಸೊಂಟದಲ್ಲಿತ್ತು. ಕೆಲಸದ ಒಳಗುಟ್ಟು ಹೇಳಿಕೊಡಬೇಕೆಂದು ಕೇಳಿದ.

"ಗೀಟು ಆಕ್ಬ್ಯಾಡ," ಅಂದ ಆಂಡಿ. "ಬ್ಯಾರೆ ಏನೂ ಏಳ್ಕೊಡೋದಿಲ್ಲ ನಾನು."

ಪೆರುಮಾಳ್ ನೆಲ ನೋಡಿದ. "ಮೊನ್ನೇನೇ ಆಕ್ಬುಟ್ಟೆ ಅಣ್ಣಾ."

ಬಾಗಿಲಲ್ಲಿ ದೈವಾನೈ ಮೊರ ಹಿಡಿದು ನಿಂತಿದ್ದಳು. ಆಂಡಿ ಎದ್ದು ಹೆಗಲಿಗೆ ವಲ್ಲಿ ಹಾಕಿಕೊಂಡ. ಇಬ್ಬರೂ ಸೇತುವೆಯ ಕಡೆ ನಡೆದರು. ಮೊದಲ ಮರದಿಂದಲೇ ಶುರುಮಾಡಿ, ಎಲ್ಲಿ ಅಡಿಗಡಿತ ಹಾಕಬೇಕು, ಯಾವ ಕೊಂಬೆಯನ್ನು ನಂಬಬಾರದು ಎಂದು ಒಂದೊಂದನ್ನಾಗಿ ತೋರಿಸುತ್ತ ಹೋದ. ಮಂಟಪ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಕಂಬ ಸರಿಸಲು ಜಾಗವಿರುವ ಕಡೆಯಲ್ಲೆಲ್ಲ ಆಂಡಿ ನಿಂತು, ಇಲ್ಲಿ ಕಂಬ ಸರಿಸಿ ಅಂತ ಕೇಳು, ಬಾಯಿ ಬಿಟ್ಟು ಕೇಳು, ಎಂದು ಹೇಳಿದ್ದ. ಅಂಥ ಜಾಗಗಳು ಹದಿನೇಳು ಇದ್ದವು. ಪೆರುಮಾಳ್ ತಲೆಯಾಡಿಸಿದ್ದ. ಆದರೆ ಅವನ ಕಣ್ಣು ಆಗಲೇ ಮಾತಿನ ಮೇಲಿರಲಿಲ್ಲ. ಎಲೆಗಳು ಅಲುಗುತ್ತಿದ್ದ ಮೇಲಿನ ಕೊಂಬೆಗಳ ಮೇಲಿತ್ತು.